ಪಂಚಾಯಿತಿ ಕ್ರಿಯಾಯೋಜನೆಗೆ ಯಾವ ಅಂಕಿ ಹಿಡಿಯಬೇಕು? ಜನಗಣತಿ, ಪೋರ್ಟಲ್, ಮಳೆ ಮಾಪಕ, ನಮ್ಮದೇ ಎಣಿಕೆ

ಪಂಚಾಯಿತಿಯ ಕ್ರಿಯಾಯೋಜನೆ ತೆಗೆದು ನೋಡಿದರೆ ಸಾಮಾನ್ಯವಾಗಿ ಏನಿರುತ್ತದೆ? ಒಂದು ಸಿಸಿ ರಸ್ತೆ, ಎರಡು ಚರಂಡಿ, ಒಂದು ಮೋಟಾರ್ ರಿಪೇರಿ, ಆಮೇಲೆ ಇನ್ನೊಂದು ಚರಂಡಿ. ಮೊದಲ ಪುಟದಲ್ಲಿ ಮಾತ್ರ ಜನಸಂಖ್ಯೆ, ಸಾಕ್ಷರತೆ, ಕುಟುಂಬಗಳ ಸಂಖ್ಯೆ ಎಲ್ಲ ನೀಟಾಗಿ ಟೈಪ್ ಆಗಿರುತ್ತದೆ. ಆ ಪುಟಕ್ಕೂ ಒಳಗಿನ ಕಾಮಗಾರಿ ಪಟ್ಟಿಗೂ ಸಂಬಂಧವೇ ಇರುವುದಿಲ್ಲ. ಹಾಕಬೇಕು ಅಂತ ಹಾಕಿದ್ದಾರೆ, ಅಷ್ಟೇ.

ಹಾಗಂತ ಡೇಟಾಗೆ ಬರವೇನೂ ಇಲ್ಲ. ಇಲಾಖೆಗೊಂದು ಪೋರ್ಟಲ್, ಪೋರ್ಟಲ್‌ಗೊಂದು ಲಾಗಿನ್. ಯಾವುದನ್ನು ನಂಬಬೇಕು, ಯಾವ ಕೆಲಸಕ್ಕೆ ಯಾವುದು ಅನ್ನುವುದೇ ತಲೆನೋವು. ಹಾಸನದ ಎಂಟು ತಾಲ್ಲೂಕು, ಪಕ್ಕದ ಚಿಕ್ಕಮಗಳೂರು, ಈ ಕಡೆಯ ಪಂಚಾಯಿತಿ ಸದಸ್ಯರು, ಸ್ವಸಹಾಯ ಸಂಘದ ಹೆಂಗಸರು, ಗ್ರಾಮ ಸಭೆಯಲ್ಲಿ ಎದ್ದು ನಿಂತು ಪ್ರಶ್ನೆ ಕೇಳುವ ಹುಡುಗ ಹುಡುಗಿಯರು, ಇವರಿಗಾಗಿ ಇದನ್ನು ಬರೆಯುತ್ತಿದ್ದೇನೆ. ಸಂಶೋಧಕರಿಗಲ್ಲ.

ಹೋಲಿಕೆಗೆ ಮೊದಲು ಒಂದು ವಿಷಯ ಬಿಡಿಸಿಕೊಳ್ಳೋಣ. ಪಂಚಾಯಿತಿಯಲ್ಲಿ ಅಂಕಿಗೆ ಎರಡು ಬೇರೆ ಬೇರೆ ಕೆಲಸ ಇವೆ. ಒಂದು, ಇರುವ ದುಡ್ಡನ್ನು ಯಾವ ಬೀದಿಗೆ, ಯಾವ ಹಟ್ಟಿಗೆ ಹಾಕಬೇಕು ಅಂತ ತೀರ್ಮಾನ ಮಾಡುವುದು. ಇನ್ನೊಂದು, ತಾಲ್ಲೂಕಿಗೋ ಜಿಲ್ಲೆಗೋ ಬೆಂಗಳೂರಿಗೋ ಹೋಗಿ ‘ನಮಗೆ ಇದು ಬೇಕು’ ಅಂತ ಕೇಳುವುದು. ಮೊದಲನೆಯದಕ್ಕೆ ಊರೊಳಗಿನ ವ್ಯತ್ಯಾಸ ತೋರಿಸುವ ಅಂಕಿ ಬೇಕು. ಎರಡನೆಯದಕ್ಕೆ ಮೇಲಿನವರು ತಳ್ಳಿಹಾಕಲು ಆಗದ, ಅವರದೇ ಮುದ್ರೆ ಇರುವ ಅಂಕಿ ಬೇಕು. ಒಂದೇ ಅಂಕಿ ಎರಡಕ್ಕೂ ಒದಗುವುದು ಅಪರೂಪ. ಸಭೆಗಳಲ್ಲಿ ಅರ್ಧ ಜಗಳ ಇವೆರಡನ್ನೂ ಕಲಸಿಕೊಂಡಿದ್ದರಿಂದಲೇ ಆಗುತ್ತದೆ.

ಜನಗಣತಿ

2011ರ ಗಣತಿಯ ಪ್ರಕಾರ ಹಾಸನ ಜಿಲ್ಲೆಯ ಜನಸಂಖ್ಯೆ 17,76,421. ಇವತ್ತಿಗೂ ಕಡತಗಳಲ್ಲಿ ಓಡಾಡುತ್ತಿರುವುದು ಇದೇ. 2021ರಲ್ಲಿ ಆಗಬೇಕಿದ್ದ ಗಣತಿ ಕೋವಿಡ್‌ನಿಂದ ಮುಂದಕ್ಕೆ ಹೋಯಿತು. ಮುಂದಿನದರ ಉಲ್ಲೇಖ ದಿನ 2027ರ ಮಾರ್ಚ್ 1. ಅದಾದ ಮೇಲೂ ಹಳ್ಳಿ ಮಟ್ಟದ ಅಂಕಿ ಕೈಗೆ ಬರಲು ಸಮಯ ಹಿಡಿಯುತ್ತದೆ. 2011ರಲ್ಲಿ ಹುಟ್ಟಿದ ಮಗು ಅಷ್ಟರಲ್ಲಿ ಎಸ್ಸೆಸ್ಸೆಲ್ಸಿ ಮುಗಿಸಿರುತ್ತದೆ.

ಹಳೇದು ಅಂತ ಎಸೆಯಬೇಡಿ. ಒಂದೇ ಪ್ರಶ್ನೆಯನ್ನು ಒಂದೇ ಸಮಯದಲ್ಲಿ ಎಲ್ಲ ಮನೆಗೂ ಕೇಳಿದ ಲೆಕ್ಕ ಇದು. ಹಳ್ಳಿ ಹಳ್ಳಿಗೂ ಕುಟುಂಬ ಎಷ್ಟು, ಪರಿಶಿಷ್ಟ ಜಾತಿ ಮತ್ತು ಪಂಗಡದವರು ಎಷ್ಟು, ಸ್ವಂತ ಸಾಗುವಳಿ ಮಾಡುವವರು ಎಷ್ಟು, ಕೂಲಿಗೆ ಹೋಗುವವರು ಎಷ್ಟು ಅಂತ ಸಿಗುತ್ತದೆ. ನಿಮ್ಮ ಊರನ್ನು ಪಕ್ಕದ ಊರಿನ ಜೊತೆ ಪಕ್ಷಪಾತ ಇಲ್ಲದೆ ಹೋಲಿಸಬೇಕು ಅಂದರೆ ಇದಕ್ಕಿಂತ ಒಳ್ಳೆಯದು ಇಲ್ಲ.

ತೊಂದರೆ ಎಲ್ಲಿ ಅಂದರೆ, ಗಣತಿ ಲೆಕ್ಕ ಹಾಕುವುದು ಕಂದಾಯ ಗ್ರಾಮಕ್ಕೆ. ನಾವು ಬದುಕುವುದು ಕೇರಿಯಲ್ಲಿ, ಹಟ್ಟಿಯಲ್ಲಿ, ತಾಂಡಾದಲ್ಲಿ, ತೋಟದ ಕೂಲಿಯವರ ಲೈನ್ ಮನೆಯಲ್ಲಿ. ಅರಸೀಕೆರೆ, ಕಡೂರು ಕಡೆ ಎಷ್ಟೋ ಗೊಲ್ಲರಹಟ್ಟಿ, ತಾಂಡಾಗಳು ಬಹುಕಾಲ ಪಕ್ಕದ ದೊಡ್ಡ ಊರಿನ ಲೆಕ್ಕದೊಳಗೇ ಕರಗಿಹೋಗಿದ್ದವು. ದೊಡ್ಡ ಊರಿನಲ್ಲಿ ಶಾಲೆ ಇದೆ, ಅಂಗನವಾಡಿ ಇದೆ, ಆದ್ದರಿಂದ ಗಣತಿ ಪುಸ್ತಕದಲ್ಲಿ ಹಟ್ಟಿಗೂ ‘ಇದೆ’. ಇದಕ್ಕೆ ಉಲ್ಟಾ ಇನ್ನೊಂದು ಇದೆ. ಪಟ್ಟಿಯಲ್ಲಿ ಹೆಸರಿದ್ದು ಅಲ್ಲಿ ಒಂದು ಮನೆಯೂ ಇಲ್ಲದ ಬೇಚರಾಕ್ ಗ್ರಾಮಗಳು. ಸರಾಸರಿ ತೆಗೆಯುವವರು ಇವನ್ನೂ ಸೇರಿಸಿ ಭಾಗಿಸಿಬಿಟ್ಟರೆ ಲೆಕ್ಕವೇ ಕೆಡುತ್ತದೆ.

ಜಿಲ್ಲೆಯ ಸರಾಸರಿ ಇನ್ನೂ ಮೋಸ. 2001ರಿಂದ 2011ಕ್ಕೆ ಹಾಸನ ಜಿಲ್ಲೆ ಸುಮಾರು ಶೇ 3ರಷ್ಟು ಮಾತ್ರ ಬೆಳೆಯಿತು. ಚಿಕ್ಕಮಗಳೂರಂತೂ ಮೂರು ಸಾವಿರದಷ್ಟು ಇಳಿಯಿತು. ಅದನ್ನು ಓದಿದವರಿಗೆ ಇಲ್ಲಿ ಏನೂ ಬದಲಾಗಿಲ್ಲ ಅನಿಸಬಹುದು. ಹಾಸನ ಪೇಟೆಯ ಅಂಚಿನ ಊರಿಗೂ ಸಕಲೇಶಪುರದ ಕಾಡಂಚಿನ ಊರಿಗೂ ಒಂದೇ ಕಥೆ ಅಂತ ಇಲ್ಲಿಯವರು ಯಾರೂ ಒಪ್ಪಲಾರರು, ಅಲ್ವಾ?

ಮೇಲೆ ಕೇಳುವಾಗ ಮಾತ್ರ ಗಣತಿಯೇ ಗಟ್ಟಿ. ಹಣ ಹಂಚುವ ಸೂತ್ರಗಳಲ್ಲಿ ಕೂತಿರುವುದು ಇದೇ. ಅದರ ಬಿಸಿ ರಾಜ್ಯಕ್ಕೂ ತಟ್ಟಿದೆ. ಕೇಂದ್ರದ ತೆರಿಗೆಯಲ್ಲಿ ರಾಜ್ಯಗಳಿಗೆ ಪಾಲು ಹಾಕುವುದು ಹಣಕಾಸು ಆಯೋಗ. 14ನೇ ಆಯೋಗದಲ್ಲಿ ಶೇ 4.713 ಇದ್ದ ಕರ್ನಾಟಕದ ತೆರಿಗೆ ಪಾಲು 15ನೇ ಆಯೋಗದಲ್ಲಿ ಶೇ 3.647ಕ್ಕೆ ಇಳಿಯಿತು. 1971ರ ಜನಸಂಖ್ಯೆ ಬಿಟ್ಟು 2011ರದ್ದು ಹಿಡಿದಿದ್ದು ಒಂದು ಕಾರಣವಾದರೆ, ರಾಜ್ಯದ ತಲಾ ಆದಾಯ ಏರಿದ್ದು ಇನ್ನೊಂದು ದೊಡ್ಡ ಕಾರಣ. ಆ ತಲಾ ಆದಾಯದಲ್ಲಿ ಬೆಂಗಳೂರಿನ ಐಟಿ ಸಂಬಳವೂ ಇದೆ, ಅರಸೀಕೆರೆಯ ಒಣಗಿದ ತೆಂಗಿನ ತೋಟವೂ ಇದೆ. ರಾಜ್ಯದೊಳಗಿನ ಈ ಏರುಪೇರು ಅಳೆಯಲು ಡಿ.ಎಂ. ನಂಜುಂಡಪ್ಪ ಸಮಿತಿ 2002ರಲ್ಲಿ 35 ಸೂಚಕ ಇಟ್ಟುಕೊಂಡು 175 ತಾಲ್ಲೂಕು ತೂಗಿ 114 ಹಿಂದುಳಿದಿವೆ ಅಂತ ಹೇಳಿತ್ತು. 2024ರಲ್ಲಿ ಎಂ. ಗೋವಿಂದ ರಾವ್ ಅಧ್ಯಕ್ಷತೆಯಲ್ಲಿ ಇದೇ ಕೆಲಸಕ್ಕೆ ಹೊಸ ಸಮಿತಿ ಆಯಿತು. ತಾಲ್ಲೂಕು ಮಟ್ಟಕ್ಕೆ ಇಂಥ ಸೂಚ್ಯಂಕ ಸರಿ. ಪಂಚಾಯಿತಿ ಒಳಗೆ ಯಾವ ಕೇರಿಗೆ ಪೈಪು ಹಾಕಬೇಕು ಅಂತ ಇವು ಹೇಳಲಾರವು.

ಪಂಚಾಯಿತಿಯೇ ತುಂಬುವ ಫಾರಂ

2017ರಿಂದ ಮಿಷನ್ ಅಂತ್ಯೋದಯ ಸಮೀಕ್ಷೆ ಇದೆ. ಊರಲ್ಲಿ ಬ್ಯಾಂಕ್ ಇದೆಯಾ, ಇಲ್ಲದಿದ್ದರೆ ಎಷ್ಟು ದೂರ, ಬಸ್ಸು ಬರುತ್ತದಾ, ಆರೋಗ್ಯ ಉಪಕೇಂದ್ರ ಎಲ್ಲಿದೆ, ಈ ಥರದ ಪ್ರಶ್ನೆಗಳು. ಕೊನೆಗೆ ಒಂದು ಕೊರತೆ ವರದಿ ಬರುತ್ತದೆ. ಅದರ ಮೇಲೆ ಈಗ ಪಂಚಾಯಿತಿ ಅಭಿವೃದ್ಧಿ ಸೂಚ್ಯಂಕ, ಅಂದರೆ ಪಿಡಿಐ. ಬಡತನ, ಆರೋಗ್ಯ, ಮಕ್ಕಳು, ನೀರು, ಸ್ವಚ್ಛತೆ, ಮೂಲಸೌಕರ್ಯ, ಸಾಮಾಜಿಕ ಭದ್ರತೆ, ಆಡಳಿತ, ಮಹಿಳೆಯರು ಅಂತ ಒಂಬತ್ತು ವಿಷಯಕ್ಕೆ ಅಂಕ. 2022-23ರ ಮೊದಲ ಪಟ್ಟಿ 2025ರ ಏಪ್ರಿಲ್‌ನಲ್ಲಿ ಬಂತು. ಲೆಕ್ಕಕ್ಕೆ ಸಿಕ್ಕ ಸುಮಾರು 2.16 ಲಕ್ಷ ಪಂಚಾಯಿತಿಗಳಲ್ಲಿ 90 ದಾಟಿದ್ದು ಒಂದೂ ಇಲ್ಲ. ಶೇ 60ಕ್ಕೂ ಜಾಸ್ತಿ ಪಂಚಾಯಿತಿಗಳು 40ರಿಂದ 60ರ ಒಳಗೆ ಕೂತವು.

ಒಳ್ಳೇದು ಏನು? ಹೆಚ್ಚುಕಡಿಮೆ ಎಲ್ಲ ಪಂಚಾಯಿತಿಗೂ ಇದೆ, ಹೊಸದು, ಉಚಿತ, ನಿಮ್ಮ ಪಕ್ಕದ ಪಂಚಾಯಿತಿಯದ್ದೂ ನೋಡಬಹುದು. ಕೆಟ್ಟದ್ದು? ಅಂಕ ಪಡೆಯುವವರೇ ಫಾರಂ ತುಂಬುವುದರಲ್ಲೂ ಇದ್ದಾರೆ. ಹುಡುಗ ತನ್ನ ಉತ್ತರ ಪತ್ರಿಕೆ ತಾನೇ ತಿದ್ದಿದ ಹಾಗೆ. ಎಲ್ಲರೂ ಸುಳ್ಳು ಬರೆಯುತ್ತಾರೆ ಅಂತಲ್ಲ. ಕೊನೇ ದಿನ, ಸರ್ವರ್ ನಿಧಾನ, ಡೇಟಾ ಎಂಟ್ರಿ ಮಾಡುವವರು ಒಬ್ಬರೇ, ಅವರ ಮುಂದೆ ನೂರಾರು ಖಾನೆ. ಆಗ ಕಳೆದ ವರ್ಷದ್ದೇ ಈ ವರ್ಷಕ್ಕೂ ಇಳಿಯುತ್ತದೆ.

ಅದಕ್ಕೆ ನನ್ನ ಸಲಹೆ: ಒಟ್ಟು ಅಂಕ ನೋಡಲೇಬೇಡಿ. 52 ಬಂತೋ 57 ಬಂತೋ ಅದರಿಂದ ಯಾವ ತೀರ್ಮಾನವೂ ಹುಟ್ಟುವುದಿಲ್ಲ. ಒಂದೊಂದು ಪ್ರಶ್ನೆಗೆ ನಿಮ್ಮ ಪಂಚಾಯಿತಿ ಏನು ಉತ್ತರ ಬರೆದಿದೆ ಅನ್ನುವ ಹಾಳೆ ತೆಗೆಸಿ. ಅದನ್ನು ವಾರ್ಡ್ ಸಭೆಯಲ್ಲಿ ಜೋರಾಗಿ ಓದಿಸಿ. ‘ಘನತ್ಯಾಜ್ಯ ವಾರಕ್ಕೊಮ್ಮೆ ಸಂಗ್ರಹ: ಹೌದು’ ಅಂತ ಓದಿದ ಕೂಡಲೇ ಹಿಂದಿನ ಸಾಲಿನಲ್ಲಿ ಕೂತವರು ನಕ್ಕರೆ, ಆ ಖಾನೆ ಬದಲಾಗಬೇಕು ಅಂತ ಗೊತ್ತಾಗುತ್ತದೆ. ಪಿಡಿಐನಿಂದ ಸಿಗುವ ಅತಿ ದೊಡ್ಡ ಉಪಯೋಗ ಇದೇ ಅಂತ ನನಗನಿಸುತ್ತದೆ.

ಇಲಾಖೆ ಪೋರ್ಟಲ್‌ಗಳು

ಇದು ದೊಡ್ಡ ಗುಡ್ಡೆ. ಜಲ ಜೀವನ್ ಮಿಷನ್, ಶಾಲೆಗಳ ಯುಡೈಸ್, ಅಂಗನವಾಡಿಯ ಪೋಷಣ್ ಟ್ರ್ಯಾಕರ್, ತೆರಿಗೆ ಮತ್ತು ಆಸ್ತಿಗೆ ಪಂಚತಂತ್ರ, ಜಮೀನಿಗೆ ಭೂಮಿ, ಬೆಳೆಗೆ ಬೆಳೆ ಸಮೀಕ್ಷೆ. ಇವೆಲ್ಲ ಜನರನ್ನು ಎಣಿಸಲು ಹುಟ್ಟಿದ್ದಲ್ಲ, ಕೆಲಸವನ್ನು ಎಣಿಸಲು ಹುಟ್ಟಿದ್ದು. ಈ ಒಂದು ಮಾತು ನೆನಪಿದ್ದರೆ ಮುಕ್ಕಾಲು ಗೊಂದಲ ಹೋಗುತ್ತದೆ.

ನೀರನ್ನೇ ತಗೊಳ್ಳಿ. 2019ರ ಆಗಸ್ಟ್ 15ರಂದು ಶುರುವಾದ ಜಲ ಜೀವನ್ ಮಿಷನ್‌ನ ಗುರಿ ಪ್ರತಿ ಮನೆಗೆ ನಲ್ಲಿ, ತಲೆಗೆ ದಿನಕ್ಕೆ 55 ಲೀಟರ್. ಡ್ಯಾಶ್‌ಬೋರ್ಡ್‌ನಲ್ಲಿ ದೊಡ್ಡದಾಗಿ ಕಾಣುವುದು ನಲ್ಲಿ ಸಂಪರ್ಕದ ಲೆಕ್ಕ. ನಲ್ಲಿ ಕೂರಿಸಿದರೆ ಆ ಮನೆ ಹಸಿರು. ಕೊಳವೆಬಾವಿ ಮಾರ್ಚ್‌ನಲ್ಲಿ ಬತ್ತಿ ಟ್ಯಾಂಕರ್ ಬಂದರೂ ಹಸಿರು. ಹಾಗಾಗಿ ‘ಯಾರಿಗೆ ಸಂಪರ್ಕವೇ ಇಲ್ಲ’ ಅನ್ನುವ ಪ್ರಶ್ನೆಗೆ ಈ ಪೋರ್ಟಲ್ ಚೆನ್ನಾಗಿ ಉತ್ತರ ಕೊಡುತ್ತದೆ, ‘ಯಾರಿಗೆ ನೀರು ಸಾಲುತ್ತಿಲ್ಲ’ ಅನ್ನುವುದಕ್ಕೆ ಅಲ್ಲ. ಒಂದು ಒಳ್ಳೆ ಕೊಂಡಿ ಇದರಲ್ಲಿದೆ. ಊರನ್ನು ‘ಹರ್ ಘರ್ ಜಲ್’ ಅಂತ ಪ್ರಮಾಣೀಕರಿಸಲು ಗ್ರಾಮ ಸಭೆಯ ನಿರ್ಣಯ ಬೇಕು. ಇಲಾಖೆ ‘ಆಗಿದೆ’ ಅಂತ ವರದಿ ಮಾಡುವುದು ಬೇರೆ, ಸಭೆ ‘ಆಗಿದೆ’ ಅನ್ನುವುದು ಬೇರೆ. ಬಿಲ್ ಪಾಸಾಗಬೇಕು ಅಂತ ಅವಸರದಲ್ಲಿ ಕೈ ಎತ್ತುವ ಮೊದಲು ನಿಮ್ಮದೇ ಎಣಿಕೆ ಕೈಯಲ್ಲಿರಲಿ.

ಬೆಳೆ ಸಮೀಕ್ಷೆ ನಮ್ಮ ಜಿಲ್ಲೆಗೆ ಬಹಳ ಉಪಯೋಗದ್ದು. ಪ್ಲಾಟ್‌ಗೆ ಹೋಗಿ ಫೋಟೊ ತೆಗೆದು ಆ್ಯಪ್‌ಗೆ ಹಾಕುವ ಪದ್ಧತಿ. ಮೊದಲಿನ ಹಾಗೆ ಚಾವಡಿಯಲ್ಲಿ ಕೂತು ಪಹಣಿಯ ಬೆಳೆ ಕಾಲಂ ತುಂಬುವುದಕ್ಕಿಂತ ಎಷ್ಟೋ ವಾಸಿ. ಒಂದು ಕಾಲಕ್ಕೆ ಹಾಸನ ಅಂದರೆ ಆಲೂಗಡ್ಡೆ. ಅಂಗಮಾರಿ ರೋಗ, ಜಲಂಧರ್‌ನಿಂದ ಬರುವ ಬೀಜದ ಬೆಲೆ, ಎಲ್ಲ ಸೇರಿ ಎಷ್ಟೋ ಜನ ಮೆಕ್ಕೆಜೋಳ, ಶುಂಠಿಗೆ ತಿರುಗಿದರು. ಗೋದಾಮು, ಒಣಗಿಸುವ ಕಣ, ಸಂತೆ ಕಟ್ಟೆ ಎಲ್ಲಿ ಬೇಕು ಅಂತ ಯೋಚಿಸುವಾಗ ಹತ್ತು ವರ್ಷ ಹಿಂದಿನ ನೆನಪಿಗಿಂತ ಇಂಥ ಅಂಕಿ ಮೇಲು. ಆದರೆ ಶುಂಠಿ ಬೆಳೆಯುವವರಲ್ಲಿ ಬಹಳ ಜನ ಜಮೀನು ಗುತ್ತಿಗೆಗೆ ಹಿಡಿದವರು. ಸಮೀಕ್ಷೆಯಲ್ಲಿ ಸರ್ವೆ ನಂಬರ್ ಇದೆ, ಒಡೆಯನ ಹೆಸರಿದೆ. ನಷ್ಟ ತಿಂದವನ ಹೆಸರು ಇಲ್ಲ.

ಆನೆ ವಿಷಯ ಇನ್ನೂ ಕಷ್ಟ. ಸಕಲೇಶಪುರ, ಆಲೂರು, ಬೇಲೂರು ಭಾಗದಲ್ಲಿ ಆನೆ ಹಾವಳಿ ಎಷ್ಟಿದೆ ಅಂತ ತಿಳಿಯಲು ಅರಣ್ಯ ಇಲಾಖೆಯ ಪರಿಹಾರ ಅರ್ಜಿಗಳ ಲೆಕ್ಕ ನೋಡುವುದು ರೂಢಿ. ಅರ್ಜಿಗೆ ಪಹಣಿ ಬೇಕು. ಅಪ್ಪನ ಹೆಸರಲ್ಲೇ ಇರುವ, ಪೌತಿ ಖಾತೆ ಆಗದ ಜಮೀನಿನವರು ಅರ್ಜಿ ಹಾಕಲು ಹಿಂಜರಿಯುತ್ತಾರೆ. ಬೆಳಿಗ್ಗೆ ಏಳಕ್ಕೆ ತೋಟದ ದಾರಿಯಲ್ಲಿ ನಡೆದು ಕೆಲಸಕ್ಕೆ ಹೋಗುವ ಹೆಂಗಸರು, ಆನೆ ಇದೆ ಅಂತ ಮೆಸೇಜ್ ಬಂದ ದಿನ ಕೂಲಿ ಕಳೆದುಕೊಂಡವರು, ಇವರ ನಷ್ಟ ಬೆಳೆ ನಷ್ಟವೇ ಅಲ್ಲ, ಆದ್ದರಿಂದ ಯಾವ ಪಟ್ಟಿಯಲ್ಲೂ ಇಲ್ಲ. ಪಂಚಾಯಿತಿ ಬೀದಿ ದೀಪ ಎಲ್ಲಿ ಹಾಕಬೇಕು, ಶಾಲೆ ಮಕ್ಕಳಿಗೆ ಜೀಪು ಯಾವ ದಾರಿಯಲ್ಲಿ ಬೇಕು ಅಂತ ತೀರ್ಮಾನಿಸುವುದು ಪರಿಹಾರದ ಅರ್ಜಿ ನೋಡಿಕೊಂಡು ಆದರೆ, ಆ ದೀಪ ಪಹಣಿ ಇರುವವರ ಗೇಟಿನ ಮುಂದೆಯೇ ಉರಿಯುತ್ತದೆ.

ಇನ್ನೊಂದು ಸಣ್ಣ ಕಿರಿಕಿರಿ. ಹೊಸಹಳ್ಳಿ ಅಂತ ಹುಡುಕಿ ನೋಡಿ, ಒಂದೇ ಜಿಲ್ಲೆಯಲ್ಲಿ ಎಷ್ಟು ಬರುತ್ತವೆ ಅಂತ! ಒಂದು ಪೋರ್ಟಲ್‌ನಲ್ಲಿ ಒಂದು ಸ್ಪೆಲ್ಲಿಂಗ್, ಇನ್ನೊಂದರಲ್ಲಿ ಇನ್ನೊಂದು. ಎರಡು ಕಡೆಯ ಅಂಕಿ ಜೋಡಿಸುವಾಗ ಹೆಸರು ನಂಬಬೇಡಿ. ಎಲ್‌ಜಿಡಿ ಕೋಡ್, ಅಂದರೆ ಸ್ಥಳೀಯ ಸರ್ಕಾರಗಳ ಡೈರೆಕ್ಟರಿಯಲ್ಲಿ ಪ್ರತಿ ಊರಿಗೂ ಪಂಚಾಯಿತಿಗೂ ಕೊಟ್ಟಿರುವ ಸಂಖ್ಯೆ, ಅದನ್ನು ಹಿಡಿದು ಜೋಡಿಸಿ.

ಯಂತ್ರ ಹೇಳುವ ಅಂಕಿ

ಮಳೆಯ ವಿಷಯದಲ್ಲಿ ಕರ್ನಾಟಕ ಮುಂದಿದೆ ಅನ್ನಲೇಬೇಕು. 1988ರಲ್ಲಿ ಬರ ಉಸ್ತುವಾರಿ ಕೋಶವಾಗಿ ಶುರುವಾಗಿದ್ದು ಈಗ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರ. ಪಂಚಾಯಿತಿ ಮಟ್ಟದಲ್ಲಿ ಅದರ ಟೆಲಿಮೆಟ್ರಿಕ್ ಮಳೆ ಮಾಪಕಗಳಿವೆ, 15 ನಿಮಿಷಕ್ಕೊಮ್ಮೆ ಅಂಕಿ ಹೋಗುತ್ತದೆ. ಯಾರೂ ಕೂತು ಬರೆಯುವುದಿಲ್ಲ, ಆದ್ದರಿಂದ ಯಾರ ಲಾಭಕ್ಕೂ ತಿದ್ದುವುದು ಸುಲಭವಲ್ಲ.

ನಮ್ಮ ಜಿಲ್ಲೆಗೆ ಇದು ಯಾಕೆ ಮುಖ್ಯ ಅಂದರೆ, ಅರಸೀಕೆರೆಯಲ್ಲಿ ವರ್ಷಕ್ಕೆ 700 ಮಿಲಿಮೀಟರ್ ಆಸುಪಾಸು ಆಗುವಾಗ ಸಕಲೇಶಪುರದ ಘಟ್ಟದ ಅಂಚಿನಲ್ಲಿ 2000 ದಾಟುತ್ತದೆ. ಜಿಲ್ಲೆಯ ಸರಾಸರಿ ಮಳೆ ಅನ್ನುವ ಅಂಕಿ ಇಬ್ಬರಿಗೂ ಸುಳ್ಳು. ‘ಹಾಸನದಲ್ಲಿ ವಾಡಿಕೆ ಮಳೆ’ ಅಂತ ಪೇಪರ್‌ನಲ್ಲಿ ಬಂದ ದಿನವೇ ಅರಸೀಕೆರೆಯಲ್ಲಿ ರಾಗಿ ಬಾಡಿರಬಹುದು, ಹೆತ್ತೂರು ಕಡೆ ರಸ್ತೆ ಕುಸಿದಿರಬಹುದು.

ಮಾಪಕಕ್ಕೂ ಮಿತಿ ಇದೆ. ಮಲೆನಾಡಲ್ಲಿ ಗುಡ್ಡದ ಈ ಕಡೆ ಮಳೆ, ಆ ಕಡೆ ಬಿಸಿಲು. ಪಂಚಾಯಿತಿಗೆ ಒಂದು ಮಾಪಕ ಸಾಲುವುದಿಲ್ಲ. ಅಡಿಕೆ, ಕಾಳುಮೆಣಸಿನ ಹವಾಮಾನ ಆಧಾರಿತ ವಿಮೆ ಈ ಪಂಚಾಯಿತಿ ಮಟ್ಟದ ಅಂಕಿಯ ಮೇಲೇ ನಿಂತಿರುವುದರಿಂದ ಮಾಪಕ ಕೆಟ್ಟಿದೆಯಾ, ಅದರ ಮೇಲೆ ಮರದ ಕೊಂಬೆ ಬಾಗಿದೆಯಾ ಅಂತ ನೋಡಿಕೊಳ್ಳುವುದು ಪಂಚಾಯಿತಿಯವರದೇ ಹೊಟ್ಟೆಪಾಡಿನ ವಿಷಯ. ಇದಕ್ಕೆ ಜೊತೆಯಾಗಿ ನಮ್ಮಲ್ಲೊಂದು ಆಸ್ತಿ ಇದೆ, ಯಾರೂ ಅದನ್ನು ಡೇಟಾ ಅಂತ ಕರೆಯುವುದಿಲ್ಲ: ಕಾಫಿ ಎಸ್ಟೇಟ್‌ಗಳ ಮಳೆ ಪುಸ್ತಕ. ‘ಹೂಮಳೆ ಎಷ್ಟಾಯ್ತು?’ ‘ಒಂದು ಇಂಚು ಇಪ್ಪತ್ತು ಸೆಂಟ್’ ಅಂತ ಮಾತಾಡುವ ಜನ ನಾವು. ತಾತನ ಕಾಲದಿಂದ ದಿನದಿನದ ಲೆಕ್ಕ ಬರೆದಿಟ್ಟ ಮನೆಗಳಿವೆ. ಇಂಚನ್ನು 25.4ರಿಂದ ಗುಣಿಸಿದರೆ ಮಿಲಿಮೀಟರ್. ಒಂದು ಪಂಚಾಯಿತಿಯ ಮೂರ್ನಾಲ್ಕು ಎಸ್ಟೇಟ್‌ಗಳ ಪುಸ್ತಕ ಪಕ್ಕಪಕ್ಕ ಇಟ್ಟರೆ ಯಾವ ಮೋರಿ ಅಗಲ ಮಾಡಬೇಕು ಅಂತ ಎಂಜಿನಿಯರ್‌ಗೆ ತೋರಿಸಬಹುದು.

ಅಂತರ್ಜಲದ್ದು ಬೇರೆ ಲೆಕ್ಕ. ತಾಲ್ಲೂಕುಗಳನ್ನು ನಾಲ್ಕು ವರ್ಗ ಮಾಡುತ್ತಾರೆ. ವರ್ಷಕ್ಕೆ ಎತ್ತಬಹುದಾದ ನೀರಿನ ಶೇ 70ರೊಳಗೆ ಎತ್ತಿದರೆ ಸುರಕ್ಷಿತ, 90ರವರೆಗೆ ಅರೆ ಗಂಭೀರ, 100ರವರೆಗೆ ಗಂಭೀರ, ದಾಟಿದರೆ ಅತಿಬಳಕೆ. ಇದು ಮೇಲೆ ಕೇಳಲು ಬೇಕಾಗುವ ಅಂಕಿ. ಏಳು ರಾಜ್ಯಗಳ ಅಟಲ್ ಭೂಜಲ ಯೋಜನೆಯಲ್ಲಿ ಹಾಸನ, ಚಿಕ್ಕಮಗಳೂರು ಎರಡೂ ಜಿಲ್ಲೆ ಇದ್ದದ್ದು ಇಂಥ ಅಂಕಿಯ ಬಲದಿಂದಲೇ. ನಿಮ್ಮ ಊರಿನ ಮುಂದಿನ ಕೊಳವೆಬಾವಿಯ ಜಾಗ ಮಾತ್ರ ಇದರಿಂದ ಸಿಗುವುದಿಲ್ಲ.

ಮಾದರಿ ಸಮೀಕ್ಷೆ

ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಐದನೇ ಸುತ್ತು 2019-21ರದ್ದು. ರಕ್ತಹೀನತೆ, ಮಕ್ಕಳ ಬೆಳವಣಿಗೆ, ಹೆರಿಗೆ ಬಗ್ಗೆ ಒಳ್ಳೆ ಗುಣಮಟ್ಟದ ಅಂಕಿ, ಜಿಲ್ಲೆಗೊಂದು ಹಾಳೆ. ಅದು ಜಿಲ್ಲೆಯ ಕೆಲವೇ ಮನೆಗಳನ್ನು ಆರಿಸಿ ಕೇಳಿದ್ದು, ಹಾಗಾಗಿ ಜಿಲ್ಲೆಗಿಂತ ಕೆಳಕ್ಕೆ ಇಳಿಸಬಾರದು. ‘ಜಿಲ್ಲೆಯಲ್ಲಿ ಇಷ್ಟು ಪರ್ಸೆಂಟ್, ಆದ್ದರಿಂದ ನಮ್ಮ ಪಂಚಾಯಿತಿಯಲ್ಲಿ ಇಷ್ಟು ಮಕ್ಕಳು’ ಅಂತ ಗುಣಿಸಿ ಬರೆದ ಯೋಜನೆ ಕಂಡರೆ ಪಕ್ಕಕ್ಕಿಡಿ. ಅಂಗನವಾಡಿ ಟೀಚರ್ ಹತ್ತಿರ ಮಗುವಾರು ತೂಕದ ಲೆಕ್ಕ ಇರುವಾಗ ಇದೆಲ್ಲ ಯಾಕೆ?

ನಮ್ಮದೇ ಎಣಿಕೆ

ಸಮಯ ಬೇಕು, ಓಡಾಟ ಬೇಕು, ಮೇಲಿನವರು ‘ಇದು ಅಧಿಕೃತ ಅಲ್ಲ’ ಅನ್ನಬಹುದು. ಆದರೂ ದುಡ್ಡು ಯಾವ ಕೇರಿಗೆ ಅನ್ನುವ ಪ್ರಶ್ನೆಗೆ ಇದನ್ನು ಬಿಟ್ಟರೆ ಬೇರೆ ದಾರಿ ನನಗೆ ಕಾಣುವುದಿಲ್ಲ.

ಸೋಲುವುದು ಸಾಮಾನ್ಯವಾಗಿ ಒಂದೇ ಕಾರಣಕ್ಕೆ: ಎಲ್ಲವನ್ನೂ ಕೇಳಲು ಹೋಗುವುದು. ಎಂಬತ್ತು ಪ್ರಶ್ನೆಯ ಫಾರಂ ಹಿಡಿದು ಹೋದರೆ ಮೂರನೇ ಬೀದಿಗೆ ಕೇಳುವವರಿಗೂ ಹೇಳುವವರಿಗೂ ಸಾಕಾಗಿರುತ್ತದೆ. ಒಂದು ತೀರ್ಮಾನ ಆರಿಸಿ, ಅದಕ್ಕೆ ಬೇಕಾದ ಐದಾರು ಪ್ರಶ್ನೆ ಸಾಕು. ಕೇಳುವ ರೀತಿಯೂ ಮುಖ್ಯ. ‘ನಿಮಗೆ ನೀರಿನ ಸಮಸ್ಯೆ ಇದೆಯಾ?’ ಅಂದರೆ ಎಲ್ಲರೂ ಹೌದು ಅನ್ನುತ್ತಾರೆ, ಇಲ್ಲ ಅಂದರೆ ಎಲ್ಲಿ ಸೌಲಭ್ಯ ತಪ್ಪಿಹೋಗುತ್ತದೋ ಅಂತ. ಅದರ ಬದಲು ಹೀಗೆ ಕೇಳಿ: ನಿನ್ನೆ ನಲ್ಲಿಯಲ್ಲಿ ನೀರು ಬಂತಾ? ಎಷ್ಟು ಹೊತ್ತು? ಎಷ್ಟು ಕೊಡ ಹಿಡಿದಿರಿ? ಮನೆಯಲ್ಲಿ ಎಷ್ಟು ಜನ?

ಲೆಕ್ಕ ಸುಲಭ. ಐದು ಜನರ ಮನೆಗೆ 55 ಲೀಟರ್‌ನಂತೆ 275 ಲೀಟರ್ ಆಗಬೇಕು. ಪ್ಲಾಸ್ಟಿಕ್ ಕೊಡ ಸುಮಾರು 15 ಲೀಟರ್ ಹಿಡಿಯುತ್ತದೆ, ಅಂದರೆ ಹದಿನೆಂಟು ಕೊಡ. ‘ಎಂಟು ಕೊಡ ಹಿಡಿದೆ, ಆಮೇಲೆ ನೂಲಿನಂಗೆ ಬಂತು’ ಅಂದ ಮನೆಗೆ ಅರ್ಧವೂ ಸಿಕ್ಕಿಲ್ಲ. ಟ್ಯಾಂಕ್‌ನಿಂದ ಹತ್ತಿರ ಇರುವ ಮನೆಗಳಲ್ಲಿ ಡ್ರಮ್ಮು ತುಂಬಿ ಹರಿದಿರುತ್ತದೆ, ಕೊನೆಯ ಸಾಲಿನಲ್ಲಿ ಹೀಗೆ. ಮನೆ ಮನೆಯ ಕೊಡದ ಸಂಖ್ಯೆಯನ್ನು ಊರಿನ ನಕ್ಷೆಯ ಮೇಲೆ ಬರೆದು ನೋಡಿದರೆ ಬೇಕಾಗಿದ್ದು ಹೊಸ ಕೊಳವೆಬಾವಿಯಲ್ಲ, ಎರಡು ವಾಲ್ವು ಅಂತ ಕಾಣಬಹುದು. ನೀರು ಬಿಡುವ ನೀರುಗಂಟಿಗೆ ಇದು ಮೊದಲೇ ಗೊತ್ತಿರುತ್ತದೆ. ಅವರನ್ನು ಯಾರೂ ಕೇಳಿರುವುದಿಲ್ಲ.

ಯಾರು ಎಣಿಸಬೇಕು? ಸ್ವಸಹಾಯ ಸಂಘಗಳ ಸಂಜೀವಿನಿ ಒಕ್ಕೂಟದವರು ಅತ್ಯುತ್ತಮ. ಪಂಚಾಯಿತಿ ಯೋಜನೆಗೆ ಸೇರಿಸಲು ಅವರು ತಮ್ಮದೇ ಬೇಡಿಕೆ ಪಟ್ಟಿ, ವಿಪಿಆರ್‌ಪಿ, ಮಾಡುವ ವ್ಯವಸ್ಥೆ ಹೇಗೂ ಇದೆ. ಅಡುಗೆಮನೆವರೆಗೂ ಹೋಗಿ ಮಾತಾಡಬಲ್ಲರು. ನಲ್ಲಿ ನೀರು ಪರೀಕ್ಷಿಸಲು ಊರಿಗೆ ಐವರು ಮಹಿಳೆಯರಿಗೆ ತರಬೇತಿ ಕೊಡಬೇಕು ಅಂತಲೂ ಜಲ ಜೀವನ್ ಮಿಷನ್‌ನಲ್ಲಿದೆ, ಅವರಿದ್ದರೆ ಜೊತೆಗೆ ಕರೆದುಕೊಳ್ಳಿ.

ಹೊತ್ತು ನೋಡಿ ಹೋಗಿ. ಬೆಳಿಗ್ಗೆ ಹನ್ನೊಂದಕ್ಕೆ ಹೋದರೆ ಸಿಗುವುದು ಕೂಲಿಗೆ ಹೋಗದವರು ಮಾತ್ರ, ಅಂಕಿಯೂ ಅವರದೇ ಆಗುತ್ತದೆ. ಸಂಜೆ ಏಳರ ಮೇಲೆ ಹೋಗಿ. ಲೈನ್ ಮನೆ ಬಿಡಬೇಡಿ. ಕಾಫಿ ಕೊಯ್ಲಿನ ತಿಂಗಳುಗಳಲ್ಲಿ ಅಸ್ಸಾಂನಿಂದ ಬಂದ ಕುಟುಂಬಗಳೂ ಅಲ್ಲಿರುತ್ತವೆ. ಅವರು ಇಲ್ಲಿನ ಮತದಾರರ ಪಟ್ಟಿಯಲ್ಲಿಲ್ಲ, ರೇಷನ್ ಕಾರ್ಡ್ ಅವರ ಊರಿನದು, ಆದರೆ ಮಕ್ಕಳು ಇಲ್ಲೇ ಆಡುತ್ತಿವೆ, ಶೌಚಾಲಯ ಇಲ್ಲೇ ಬೇಕು. ಬೀಗ ಹಾಕಿದ ಮನೆಗಳನ್ನೂ ಬೇರೆ ಖಾನೆಯಲ್ಲಿ ಎಣಿಸಿ. ಮಲೆನಾಡಿನ ಎಷ್ಟೋ ಬೀದಿಗಳಲ್ಲಿ ಆ ಖಾನೆಯೇ ದೊಡ್ಡದಾಗಿ, ತೆರೆದ ಮನೆಗಳಲ್ಲಿ ಇಬ್ಬರು ವಯಸ್ಸಾದವರು ಮಾತ್ರ ಇರುತ್ತಾರೆ. ಹಾಗಿರುವಲ್ಲಿ ಸಮುದಾಯ ಭವನಕ್ಕಿಂತ ತಿಂಗಳಿಗೊಮ್ಮೆ ಔಷಧಿ ಬರುವ ವ್ಯವಸ್ಥೆ ಹೆಚ್ಚು ಬೇಕು.

ಹೆಸರು, ಕಾಯಿಲೆ, ಸಾಲ, ಆಧಾರ್ ನಂಬರ್ ಇವನ್ನು ಗೋಡೆಗೆ ಅಂಟಿಸುವ ಪಟ್ಟಿಯಲ್ಲಿ ಹಾಕಬೇಡಿ, ವಾಟ್ಸ್ಆ್ಯಪ್ ಗ್ರೂಪಿಗಂತೂ ಬೇಡವೇ ಬೇಡ. ಕೇರಿವಾರು ಮೊತ್ತ ಸಾಕು.

ಕೊನೆಗೆ ಯಾವುದನ್ನು ಹಿಡಿಯೋದು?

ನೀರಿಗೆ: ಸಂಪರ್ಕ ಇಲ್ಲದ ಮನೆ ಹುಡುಕಲು ಪೋರ್ಟಲ್, ನೀರು ಸಾಕಾಗದ ಮನೆ ಹುಡುಕಲು ಕೊಡಗಳ ಎಣಿಕೆ. ಎಣಿಕೆ ಏಪ್ರಿಲ್‌ನಲ್ಲಿ ಮಾಡಿ. ಆಗಸ್ಟ್‌ನಲ್ಲಿ ಕೇಳಿದರೆ ಎಲ್ಲರ ಮನೆಯಲ್ಲೂ ನೀರಿರುತ್ತದೆ. 15ನೇ ಹಣಕಾಸು ಆಯೋಗದ ಅನುದಾನದಲ್ಲಿ ಶೇ 30 ನೀರಿಗೆ, ಶೇ 30 ನೈರ್ಮಲ್ಯಕ್ಕೆ ಅಂತ ಕಟ್ಟಿಹಾಕಿದ್ದರು. ಕಟ್ಟಿದ ದುಡ್ಡು ಅಂದರೆ ಬೇರೆಯದಕ್ಕೆ ತಿರುಗಿಸಲು ಆಗದ್ದು. ಆದ್ದರಿಂದ ಒಂದೇ ಎಣಿಕೆಗೆ ಶಕ್ತಿ ಇದೆ ಅಂದರೆ ಅದನ್ನು ನೀರಿಗೇ ಖರ್ಚು ಮಾಡಿ.

ಶಾಲೆಗೆ: ಮಕ್ಕಳ ಸಂಖ್ಯೆಗೆ ಯುಡೈಸ್ ಸಾಕು, ಶಾಲೆವಾರು ಸಿಗುತ್ತದೆ. ದೂರಕ್ಕೆ ಮಾತ್ರ ನಡೆದು ನೋಡಿ. ನಕ್ಷೆಯಲ್ಲಿ ಒಂದು ಕಿಲೋಮೀಟರ್ ಇರುವುದು ತೋಟ ಸುತ್ತಿ ಹಳ್ಳ ದಾಟಿ ಎರಡೂವರೆ ಆಗುತ್ತದೆ. ಮಕ್ಕಳು ಕಡಿಮೆ ಅಂತ ಶಾಲೆ ವಿಲೀನದ ಮಾತು ಬಂದಾಗ ಈ ಎರಡೂವರೆಯೇ ನಿಮ್ಮ ಉತ್ತರ. ಮಕ್ಕಳ ಗ್ರಾಮ ಸಭೆಯಲ್ಲಿ ಮಕ್ಕಳ ಕೈಯಲ್ಲೇ ದಾರಿ ನಕ್ಷೆ ಬರೆಸಿ, ನಾಯಿ ಎಲ್ಲಿ, ಆನೆ ಎಲ್ಲಿ, ಮಳೆಗಾಲದಲ್ಲಿ ಯಾವ ಸಂಕ ಮುಳುಗುತ್ತದೆ ಎಲ್ಲ ಬರುತ್ತದೆ.

ಆನೆ ದಾರಿಗೆ: ಅರ್ಜಿ ಲೆಕ್ಕ ಬಿಡಿ, ಬೆಳಿಗ್ಗೆ ಆರರಿಂದ ಎಂಟು, ಸಂಜೆ ಐದರಿಂದ ಏಳರವರೆಗೆ ಯಾರು ಯಾವ ದಾರಿಯಲ್ಲಿ ನಡೆಯುತ್ತಾರೆ ಅಂತ ಎಣಿಸಿ.

ತಾಲ್ಲೂಕಿಗೆ, ಜಿಲ್ಲೆಗೆ ಕೇಳುವಾಗ: ಜನಗಣತಿ, ಅಂತರ್ಜಲ ವರ್ಗ, ಮಳೆ ಮಾಪಕ. ಅದರ ಕೆಳಗೆ ನಿಮ್ಮ ಎಣಿಕೆ. ಈ ಅನುಕ್ರಮ ಉಲ್ಟಾ ಮಾಡಬೇಡಿ, ಮೊದಲ ಹಾಳೆಯಲ್ಲಿ ಅವರದೇ ಅಂಕಿ ಕಂಡರೆ ಎರಡನೇ ಹಾಳೆ ತಿರುಗಿಸುತ್ತಾರೆ.

ಇನ್ನು ಪೋರ್ಟಲ್‌ನ ಅಂಕಿಗೂ ನಿಮ್ಮ ಎಣಿಕೆಗೂ ತಾಳೆಯಾಗದಿದ್ದರೆ? ಆಗುವುದೇ ಇಲ್ಲ ಬಿಡಿ. ಸಭೆಯಲ್ಲಿ ಕೂಗಾಡಿ ಬರುವುದರಿಂದ ಏನೂ ಉಳಿಯುವುದಿಲ್ಲ. ಎರಡೂ ಅಂಕಿ, ಎರಡರ ದಿನಾಂಕ, ಎಷ್ಟು ಮನೆಯಲ್ಲಿ ಎಷ್ಟು ಮನೆಗೆ ಹೋಗಿದ್ದಿರಿ ಅನ್ನುವುದು, ಇಷ್ಟನ್ನೂ ಗ್ರಾಮ ಸಭೆಯ ನಡಾವಳಿಯಲ್ಲಿ ಬರೆಸಿ. ಓದಿ ಹೇಳಿಸಿ, ಆಮೇಲೆ ಸಹಿ ಹಾಕಿ. ಅದರ ಪ್ರತಿಯನ್ನು ಪಿಡಿಒ, ಅಂದರೆ ಪಂಚಾಯಿತಿ ಅಭಿವೃದ್ಧಿ ಅಧಿಕಾರಿಯ ಮೂಲಕ ಸಂಬಂಧಪಟ್ಟ ಇಲಾಖೆಗೆ ಕಳಿಸಿ ಸ್ವೀಕೃತಿ ಇಟ್ಟುಕೊಳ್ಳಿ. ಮುಂದಿನ ಜಮಾಬಂದಿಯಲ್ಲಿ, ಅಂದರೆ ಪಂಚಾಯಿತಿಯ ವರ್ಷದ ಲೆಕ್ಕ ತಪಾಸಣೆಯಲ್ಲಿ, ಅದೇ ಪುಟ ತೆಗೆದು, ಉತ್ತರ ಬಂತಾ ಅಂತ ಕೇಳಿ.